ಬಜೆಟ್ ಬದಿಗಿಟ್ಟು ಕಾಡು ಸೇರಿದ ಘೋರ್ಪಡೆ

ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಅವರನ್ನು ರಾಜ್ಯದ ಜನ ಹೆಚ್ಚಾಗಿ ಬಲ್ಲದ್ದು ರಾಜಕಾರಣಿಯಾಗಿ. ಕ್ಯಾಮೆರಾ ಹಿಡಿದ ಘೋರ್ಪಡೆಯವರನ್ನು ಬಲ್ಲವರು ಕಡಿಮೆ.

1931ರ ಡಿಸೆಂಬರ್ 7ರಂದು ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದರು. ಸಂಸ್ಥಾನ 1949ರಲ್ಲೇ ವಿಲೀನವಾಗಿತ್ತು. ಸಿಂಹಾಸನದ ಬದಲು ಅವರ ಪಾಲಿಗೆ ಬಂದದ್ದು 1954ರಲ್ಲಿ ಆರಂಭವಾದ ಮನೆತನದ ಮ್ಯಾಂಗನೀಸ್ ಗಣಿ ಕಂಪನಿಯ ಹೊಣೆ ಮತ್ತು ಶಾಸಕ ಸ್ಥಾನ. 1972ರಿಂದ 1977ರವರೆಗೆ ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು.

ಆ ಅಧಿಕಾರ ಮುಗಿದು ಆರು ವರ್ಷಕ್ಕೆ, 1983ರಲ್ಲಿ, ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಹೊರಬಂತು. ಅದು ಬಜೆಟ್ಟಿನ ಕಥೆಯಲ್ಲ, ವನ್ಯಜೀವಿ ಛಾಯಾಗ್ರಾಹಕನ ದಿನಚರಿ. ಅಂದಿನದು ಫಿಲ್ಮ್ ಯುಗ. ರೋಲೊಂದಕ್ಕೆ 36 ಚಿತ್ರ. ಗಂಟೆಗಟ್ಟಲೆ ಮರೆಯಲ್ಲಿ ಕುಳಿತು ಒಂದು ಕ್ಲಿಕ್ ಮಾಡಿದರೂ, ಅದು ಫಲಿಸಿತೋ ಇಲ್ಲವೋ ತಿಳಿಯುವುದು ಫಿಲ್ಮ್ ತೊಳೆದ ಮೇಲೆಯೇ. ಕೈಗೊಬ್ಬ ಆಳಿದ್ದ ಮನೆತನದವರಿಗೂ ಕಾಡಿನಲ್ಲಿ ಈ ಕಾಯುವಿಕೆಯಿಂದ ವಿನಾಯಿತಿ ಇರಲಿಲ್ಲ! ಅರಸರು ಕೋವಿ ಹಿಡಿದು ಹೋಗುತ್ತಿದ್ದ ಕಾಡಿಗೆ ಇವರು ಲೆನ್ಸ್ ಹಿಡಿದು ಹೋದರು. ಅಂತಾರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟದ 'ಮಾಸ್ಟರ್' ಗೌರವವೂ ಸಂದಿತು.

ಮುಂದೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಮತ್ತೆ ವಿಧಾನಸೌಧಕ್ಕೆ ಬಂದರು.

ಒಂದು ಮಾತನ್ನು ಮರೆಮಾಚಿ ಅವರನ್ನು ಹೊಗಳುವುದು ಸಲ್ಲದು. ಕಾಡನ್ನು ಅಷ್ಟು ಪ್ರೀತಿಸಿದವರ ಮನೆತನದ ಸಂಪತ್ತು ಸಂಡೂರಿನ ಬೆಟ್ಟಗಳನ್ನು ಅಗೆದು ತೆಗೆದ ಅದಿರಿನಿಂದ ಬಂದದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅದೇ ಅಕ್ಟೋಬರ್ 29ರಂದು ಘೋರ್ಪಡೆ ಬೆಂಗಳೂರಿನಲ್ಲಿ ನಿಧನರಾದರು.