ಆಟ ಕಲಿಸಿದ ಮಾಸ್ತರರು: ಸೈಯದ್ ಅಬ್ದುಲ್ ರಹೀಮ್

ಶರಣಬಸವೇಶ್ವರ ದೇವಸ್ಥಾನ ಎಂದೊಡನೆ ಕಲಬುರಗಿಯವರಿಗೆ ದಾಸೋಹ ನೆನಪಾಗುತ್ತದೆ. ಅನ್ನದಂತೆ ವಿದ್ಯೆಯನ್ನೂ ಹಂಚಬೇಕೆಂಬುದು ನಮ್ಮ ಊರಿಗೆ ಹೊಸ ಮಾತಲ್ಲ. ತಾವು ಬಲ್ಲ ಆಟವನ್ನು ಹೀಗೆ ಹಂಚಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. 1956ರವರೆಗೆ ನಮ್ಮ ಜಿಲ್ಲೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹಾಗಾಗಿ ಅವರು ನಮಗೆ ದೂರದವರೇನಲ್ಲ.

1909ರಲ್ಲಿ ಹುಟ್ಟಿದ ರಹೀಮ್ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿನ ತಂಡದಲ್ಲಿ ಫುಟ್ಬಾಲ್ ಆಡಿದರು. ವೃತ್ತಿಯಿಂದ ಶಾಲಾ ಶಿಕ್ಷಕರು. ಅವರಿಗೆ ದೊಡ್ಡ ಹೆಸರು ಬಂದದ್ದು ಆಟಗಾರರಾಗಿ ಅಲ್ಲ, ತರಬೇತುದಾರರಾಗಿ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೊಣೆ ಹೊತ್ತರು. 1954ರವರೆಗೆ ಆ ತಂಡ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

ಮೈದಾನದಲ್ಲೂ ಅವರು ಮಾಸ್ತರರೇ. ಚೆಂಡನ್ನು ಒಬ್ಬನೇ ಉರುಳಿಸಿಕೊಂಡು ಹೋಗಬಾರದು, ಕೂಡಲೇ ಜೊತೆಗಾರನಿಗೆ ದಾಟಿಸಬೇಕು ಎಂಬ ನಿಯಮದ ಪಂದ್ಯಗಳನ್ನು ಆಡಿಸುತ್ತಿದ್ದರು. ಬಲವಿಲ್ಲದ ಕಾಲಿನಿಂದಲೇ ಒದೆಯಬೇಕಾದ ಪಂದ್ಯಗಳೂ ಇದ್ದವು. ಮೊದಲನೆಯದು ಸ್ವಾರ್ಥ ಬಿಡಿಸುತ್ತಿತ್ತು, ಎರಡನೆಯದು ಕೊರತೆ ತುಂಬುತ್ತಿತ್ತು.

ಅವರ ತರಬೇತಿಯಲ್ಲಿ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷವೇ ದೊಡ್ಡ ಪೆಟ್ಟು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯದ ಎದುರು 10–1ರ ಸೋಲು. ಆಮೇಲೆ ಬೂಟು ಕಡ್ಡಾಯವಾಯಿತು. ರಹೀಮ್ ಎದೆಗುಂದಲಿಲ್ಲ. ತಂಡವನ್ನು ಹೊಸದಾಗಿ ಕಟ್ಟಿದರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು, ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್ಬಾಲ್ ಸೆಮಿಫೈನಲ್ ಕಂಡ ಮೊದಲ ಏಷ್ಯನ್ ದೇಶ ನಮ್ಮದು. ನಮ್ಮ ರಾಜ್ಯದ ಕೆಂಪಯ್ಯ ಆ ತಂಡದಲ್ಲಿದ್ದರು.

ಕೊನೆಯ ಪರೀಕ್ಷೆ 1962ರ ಜಕಾರ್ತಾ. ಅಷ್ಟರಲ್ಲಿ ಕ್ಯಾನ್ಸರ್ ಅವರ ದೇಹವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ಭಾರತವನ್ನು 2–0ರಿಂದ ಸೋಲಿಸಿತು. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ರಹೀಮ್ ಅವರನ್ನು ಹೊರಗೆ ಕೂರಿಸಲಿಲ್ಲ, ಮುಂದಿನ ಸಾಲಿಗೆ ತಂದರು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯ. ಪ್ರೇಕ್ಷಕರೂ ಭಾರತದ ವಿರುದ್ಧ ಕೂಗುತ್ತಿದ್ದರು. ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು, ಇನ್ನೊಂದು ಅದೇ ಜರ್ನೈಲ್ ಸಿಂಗ್ ಅವರದು. 2–1ರಿಂದ ಚಿನ್ನ ನಮ್ಮದಾಯಿತು.

ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು, ರಹೀಮ್ ಸಾಹೇಬರು ತೀರಿಕೊಂಡರು. ಅಂದಿನಿಂದ ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಭಾರತಕ್ಕೆ ಮತ್ತೆ ಸಿಕ್ಕಿಲ್ಲ.

ಗೆಳೆಯರೇ, ಪದಕಗಳು ಆಟಗಾರರ ಕೊರಳಲ್ಲಿದ್ದವು. ಅವರ ಕಾಲುಗಳಿಗೆ ಪಾಠ ಹೇಳಿದವರು ಒಬ್ಬ ಶಾಲಾ ಮಾಸ್ತರರು. ಪರೀಕ್ಷೆಯಲ್ಲಿ ಒಂದು ವಿಷಯ ಕೈಕೊಟ್ಟಾಗ ಆ ಬಲವಿಲ್ಲದ ಕಾಲಿನ ಪಂದ್ಯವನ್ನು ನೆನೆಯೋಣ. ಯಾವುದು ಬಾರದೋ ಅದನ್ನೇ ಮೊದಲು ಅಭ್ಯಾಸ ಮಾಡೋಣ.