ಪ್ರವಾಹತಜ್ಞ ಲೂಡ್ವಿಗ್ ಪ್ರಾಂಟಲ್

ಆಧುನಿಕ ವಾಯುಚಲನಶಾಸ್ತ್ರದ ಮೂಲಪುರುಷರಲ್ಲಿ ಅಗ್ರಗಣ್ಯರಾದ ಲೂಡ್ವಿಗ್ ಪ್ರಾಂಟಲ್ ಅವರು 1875ರ ಫೆಬ್ರವರಿ 4ರಂದು ಜರ್ಮನಿಯ ಬವೇರಿಯಾ ಪ್ರಾಂತದ ಫ್ರೈಸಿಂಗ್ ಪಟ್ಟಣದಲ್ಲಿ ಜನಿಸಿದರು. ತಂದೆ ಕೃಷಿ ವಿದ್ಯಾಲಯದ ಅಧ್ಯಾಪಕರು. ತಾಯಿ ಅಸ್ವಸ್ಥರಾಗಿದ್ದುದರಿಂದ ಬಾಲಕನು ಹೆಚ್ಚಾಗಿ ತಂದೆಯ ಒಡನಾಟದಲ್ಲಿಯೇ ಬೆಳೆದು, ನಿಸರ್ಗವನ್ನು ಸೂಕ್ಷ್ಮವಾಗಿ ನೋಡುವುದನ್ನು ಕಲಿತನು.

ಮ್ಯೂನಿಕ್‌ನಲ್ಲಿ ವ್ಯಾಸಂಗ ಪೂರೈಸಿ ಕಾರ್ಖಾನೆಯೊಂದನ್ನು ಸೇರಿದ ಅವರ ಪಾಲಿಗೆ, ಕೆತ್ತನೆಯ ಚೂರುಗಳನ್ನು ಹೀರಿ ತೆಗೆಯುವ ಯಂತ್ರವನ್ನು ಸುಧಾರಿಸುವ ಕೆಲಸ ಬಂದಿತು. ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಗಾಳಿಯು ಗೋಡೆಯನ್ನು ಅನುಸರಿಸದೆ ಕಳಚಿಕೊಳ್ಳುವುದೇಕೆಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1901ರಲ್ಲಿ ಹ್ಯಾನೋವರ್‌ನಲ್ಲಿ ಪ್ರಾಧ್ಯಾಪಕರಾದ ಬಳಿಕವೂ ಅದನ್ನೇ ಚಿಂತಿಸಿ, 1904ರಲ್ಲಿ ಹೈಡಲ್‌ಬರ್ಗ್‌ನ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಕಿರುಪ್ರಬಂಧವೊಂದರ ಮೂಲಕ ಉತ್ತರವಿತ್ತರು.

ಹರಿಯುವ ಗಾಳಿಯಾಗಲಿ ನೀರಾಗಲಿ ವಸ್ತುವಿನ ಮೈಗೆ ತಗಲಿದಲ್ಲಿ ನಿಶ್ಚಲವಾಗುತ್ತದೆ. ಘರ್ಷಣೆಯ ಪ್ರಭಾವವು ಮುಖ್ಯವಾಗಿ ಅಲ್ಲಿಯ ತೆಳುಪದರದಲ್ಲಿ ಅಡಗಿರುತ್ತದೆ. ಉರುಳೆ, ಗೋಲಗಳಂತಹ ಮೊಂಡು ವಸ್ತುಗಳ ಹಿಂಬದಿಯಲ್ಲಿ ಒತ್ತಡವೇರಿದಾಗ, ವೇಗಗುಂದಿದ ಆ ಪದರವು ಮುಂದೆ ಸಾಗಲಾರದೆ ಮೈಬಿಡುತ್ತದೆ. ಹಿಂದೆ ಸುಳಿಗಳೇಳುತ್ತವೆ, ಚಲನೆಗೆ ತಡೆ ಹೆಚ್ಚುತ್ತದೆ. ಕೈಯಿಂದ ತಿರುಗಿಸುವ ಚಕ್ರವುಳ್ಳ ನೀರಿನ ತೊಟ್ಟಿಯಲ್ಲಿ ಅವರು ಉರುಳೆಯೊಂದನ್ನಿರಿಸಿ, ಅದರ ಪಾರ್ಶ್ವದ ಸೀಳಿನಿಂದ ಸ್ವಲ್ಪವೇ ನೀರನ್ನು ಹೀರಿದರು. ಆ ಬದಿಯಲ್ಲಿ ಪ್ರವಾಹವು ಮೈಗಂಟಿಯೇ ಬಹುದೂರ ಸಾಗಿತು.

ಅದೇ ವರ್ಷ ಅವರು ಗೊಟ್ಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಗೋಲದ ಮೇಲಣ ತಡೆಯ ಕುರಿತು ಪ್ಯಾರಿಸ್‌ನ ಐಫೆಲ್ ಅವರ ಅಳತೆಗೂ ಗೊಟ್ಟಿಂಗೆನ್ನಿನ ಅಳತೆಗೂ ಹೊಂದಿಕೆಯಿರಲಿಲ್ಲ. 1914ರಲ್ಲಿ ಪ್ರಾಂಟಲ್ ಅವರು ಗೋಲಕ್ಕೆ ತೆಳುತಂತಿಯೊಂದನ್ನು ಸುತ್ತಿ, ಪದರವನ್ನು ಬೇಕೆಂದೇ ಕ್ಷೋಭೆಗೊಳಿಸಿದರೆ ಅದು ತಡವಾಗಿ ಮೈಬಿಡುವುದನ್ನೂ ತಡೆ ತಗ್ಗುವುದನ್ನೂ ತೋರಿಸಿ ಆ ಗೊಂದಲವನ್ನು ಬಗೆಹರಿಸಿದರು. ಇಂದು ಮೊಂಡು ಹಿಂಬದಿಯ ವಾಹನಾಕೃತಿಗಳ ಅಂಚಿನಲ್ಲಿ ಕಿರುಸೀಳುಗಳಿಂದ ಗಾಳಿಯನ್ನು ಮಿಡಿತ ಮಿಡಿತವಾಗಿ ಊದಿ ತಡೆಯನ್ನು ಇಳಿಸುವ ಪ್ರಯೋಗಗಳು ಈ ಪರಂಪರೆಗೇ ಸೇರಿದವು. ಮಿಡಿತದ ಸ್ಥಾನವೂ ಲಯವೂ ತಕ್ಕುದಾಗಿದ್ದರೆ ಅಲ್ಪಬಲವೂ ದೊಡ್ಡ ಸುಳಿಗಳನ್ನು ಪಳಗಿಸಬಲ್ಲುದು.

ಬ್ಲಾಸಿಯಸ್, ಕಾರ್ಮಾನ್ ಮೊದಲಾದ ಶಿಷ್ಯರನ್ನು ಪ್ರಾಂಟಲ್ ಅವರು ಬೆಳೆಸಿದರು. ಅವರಲ್ಲಿ 1936ರಲ್ಲಿ ಡಾಕ್ಟರೇಟ್ ಪಡೆದ ವಿ. ಎಂ. ಘಾಟಗೆ ಅವರು ಬೆಂಗಳೂರಿಗೆ ಬಂದು, ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ಬೋಧನೆಗೆ ತಳಹದಿ ಹಾಕಿದರು. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸಕ್ಕೆ ನೇತೃತ್ವ ವಹಿಸಿದರು.

ಇಂತಹ ಗುರುವಿನ ಬಾಳಿನಲ್ಲಿ ಮರೆಮಾಚಲಾಗದ ಕಲೆಯೂ ಉಂಟು. 1938ರಲ್ಲಿ ಹೈಸೆನ್‌ಬರ್ಗ್ ಅವರ ಪರವಾಗಿ ಹಿಮ್ಲರ್‌ಗೆ ಪತ್ರ ಬರೆದ ಪ್ರಾಂಟಲ್ ಅವರು, ನಾಜಿ ಆಡಳಿತವನ್ನು ವಿದೇಶೀ ಮಿತ್ರರ ಮುಂದೆ ಸಮರ್ಥಿಸಿದರು. ಅದರ ಯುದ್ಧಸನ್ನಾಹಕ್ಕೆ ತಮ್ಮ ಸಂಶೋಧನೆಯನ್ನೂ ಒದಗಿಸಿದರು. 1953ರ ಆಗಸ್ಟ್ 15ರಂದು ಗೊಟ್ಟಿಂಗೆನ್ನಿನಲ್ಲಿ ಅವರು ನಿಧನರಾದರು. ಅವರ ಶಾಸ್ತ್ರವನ್ನು ಕಲಿಸುವ ಅಧ್ಯಾಪಕರು ಅವರ ಬಾಳಿನ ಈ ಭಾಗವನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತ.