ಗಣಿತಜ್ಞ ಆಯ್ಲರ್

ತಂದೆಯ ಇಚ್ಛೆಯೇ ನಡೆದಿದ್ದರೆ ಲಿಯೊನಾರ್ಡ್ ಆಯ್ಲರನು ಪಾದ್ರಿಯಾಗಬೇಕಾಗಿತ್ತು. 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆತನು ಜನಿಸಿದನು. ತಂದೆ ಪಾಲ್ ಆಯ್ಲರ್ ಧರ್ಮಬೋಧಕನಾಗಿದ್ದನು. ಹದಿಮೂರನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ಬಾಲಕನಿಗೆ ಯೋಹಾನ್ ಬರ್ನೂಲಿಯೆಂಬ ಪ್ರಸಿದ್ಧ ಗಣಿತಜ್ಞನ ಆಶ್ರಯ ದೊರೆಯಿತು. ಬರ್ನೂಲಿಯು ಪ್ರತ್ಯೇಕವಾಗಿ ಪಾಠ ಹೇಳಲು ಒಪ್ಪಲಿಲ್ಲ. ಕಠಿಣ ಗ್ರಂಥಗಳನ್ನು ತಾನಾಗಿಯೇ ಓದಿ, ತಿಳಿಯದುದನ್ನು ಶನಿವಾರದ ಮಧ್ಯಾಹ್ನ ಬಂದು ಕೇಳಬೇಕೆಂದು ವಿಧಿಸಿದನು. ಶಿಷ್ಯನ ಪ್ರತಿಭೆಯನ್ನು ಕಂಡ ಮೇಲೆ ತಂದೆಯ ಮನವೊಲಿಸಿದವನೂ ಆತನೇ.

1727ರಲ್ಲಿ ಆಯ್ಲರನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯನ್ನು ಸೇರಿದನು. ಒಂದು ಪರಿಮಾಣದ ಬೆಲೆ ತಿಳಿದೊಡನೆ ಅದನ್ನು ಅವಲಂಬಿಸಿದ ಇನ್ನೊಂದರ ಬೆಲೆ ನಿಶ್ಚಯವಾಗುವುದಾದರೆ, ಎರಡನೆಯದನ್ನು ಮೊದಲನೆಯದರ ಉತ್ಪನ್ನವೆನ್ನುತ್ತೇವೆ. ಎಫ್ ಎಂಬ ಅಕ್ಷರದ ಮುಂದೆ ಆವರಣದೊಳಗೆ ಚರವನ್ನಿರಿಸಿ ಉತ್ಪನ್ನವನ್ನು ಸೂಚಿಸುವ ಕ್ರಮವನ್ನು 1734ರಲ್ಲಿ ಬಳಕೆಗೆ ತಂದವನು ಆಯ್ಲರನು. ಇಂದಿಗೂ ಶಾಲೆಯ ಕರಿಹಲಗೆಯ ಮೇಲೆ ಕಾಣುವುದು ಅದೇ ಗುರುತು. ಮುಂದೆ ಕೆಲವೇ ವರ್ಷಗಳಲ್ಲಿ ಆತನ ಬಲಗಣ್ಣು ದೃಷ್ಟಿಯನ್ನು ಕಳೆದುಕೊಂಡಿತು.

1741ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನ ಆಹ್ವಾನದ ಮೇರೆಗೆ ಆಯ್ಲರನು ಬರ್ಲಿನ್ನಿಗೆ ತೆರಳಿದನು. ದೊರೆಗೆ ಬೇಕಾಗಿದ್ದುದು ಮಾತಿನ ಬೆಡಗು. ಸರಳಸ್ವಭಾವದ ಆಯ್ಲರನಲ್ಲಿ ಅದಿರಲಿಲ್ಲ. ಆತನ ಒಂಟಿಗಣ್ಣನ್ನು ಕುರಿತು ದೊರೆಯೇ ಪರಿಹಾಸ್ಯ ಮಾಡಿದುದುಂಟು. ಆಯ್ಲರನು ಮಾತ್ರ ತನ್ನ ಕೆಲಸವನ್ನು ಬಿಡಲಿಲ್ಲ. 1748ರಲ್ಲಿ ಪ್ರಕಟವಾದ ಮಹಾಗ್ರಂಥದಲ್ಲಿ ಆತನು ಉತ್ಪನ್ನವೆಂದರೆ ಚರ ಮತ್ತು ಸ್ಥಿರ ಸಂಖ್ಯೆಗಳಿಂದ ರಚಿತವಾದ ಬೀಜೋಕ್ತಿಯೆಂದು ನಿರೂಪಿಸಿದನು. ಆದರೆ ಅದೇ ಕಾಲದಲ್ಲಿ ಒಂದು ತಂತಿ ಈ ನಿರೂಪಣೆಯನ್ನು ಅಲುಗಾಡಿಸಿತು!

ಬಿಗಿದು ಕಟ್ಟಿದ ತಂತಿಯನ್ನು ಮೀಟಿದಾಗ ಅದು ಹೇಗೆ ಕಂಪಿಸುವುದೆಂಬುದು ಅಂದಿನ ಸಮಸ್ಯೆ. ತಂತಿಯ ಆರಂಭದ ಆಕಾರವು ಒಂದೇ ಸೂತ್ರಕ್ಕೆ ಒಳಪಟ್ಟಿರಬೇಕೆಂದು ಫ್ರಾನ್ಸಿನ ದಲಾಂಬೇರನು ವಾದಿಸಿದನು. ಆಯ್ಲರನು ಒಪ್ಪಲಿಲ್ಲ. 60 ಸೆಂಟಿಮೀಟರ್ ಉದ್ದದ ತಂತಿಯ ನಡುಭಾಗವನ್ನು 2 ಸೆಂಟಿಮೀಟರ್ ಮೇಲಕ್ಕೆ ಎಳೆದರೆ ಎರಡು ಸರಳರೇಖೆಗಳು ಕೂಡಿದ ಒಂದು ಮೂಲೆ ಉಂಟಾಗುತ್ತದೆ. ಮೊದಲ 30 ಸೆಂಟಿಮೀಟರಿಗೆ ಒಂದು ನಿಯಮ, ಉಳಿದುದಕ್ಕೆ ಮತ್ತೊಂದು. ಆದರೂ ತಂತಿಯ ಪ್ರತಿಯೊಂದು ಬಿಂದುವಿಗೂ ಒಂದೇ ಒಂದು ಎತ್ತರವಿದೆಯಷ್ಟೆ? ಇಲ್ಲಿ ಚರವು ತೆಗೆದುಕೊಳ್ಳಬಹುದಾದ ಬೆಲೆಗಳು 0 ಯಿಂದ 60ರವರೆಗೆ. ಇದು ಉತ್ಪನ್ನದ ಕ್ಷೇತ್ರ. ದೊರೆಯುವ ಎತ್ತರಗಳು 0 ಯಿಂದ 2ರವರೆಗೆ. ಇದು ಅದರ ವ್ಯಾಪ್ತಿ. ಈ ಮಾತುಗಳು ಆಯ್ಲರನ ಕಾಲದಲ್ಲಿ ಹೀಗೆ ರೂಢಿಗೆ ಬಂದಿರಲಿಲ್ಲ. ಆದರೂ 1755ರಲ್ಲಿ ತನ್ನ ಮೊದಲಿನ ನಿರೂಪಣೆಯನ್ನೇ ಆತನು ಹಿಗ್ಗಿಸಿದನು: ಒಂದರ ಬದಲಾವಣೆಯನ್ನನುಸರಿಸಿ ಇನ್ನೊಂದು ಬದಲಾಗುವುದಾದರೆ ಸಾಕು, ಅದು ಉತ್ಪನ್ನ. ಕೀರ್ತಿಶಿಖರದಲ್ಲಿದ್ದವನು ತಾನೇ ಬರೆದುದನ್ನು ತಿದ್ದಿಕೊಳ್ಳುವುದು ಸುಲಭವಲ್ಲ. ಸೂತ್ರವಿಲ್ಲದಿದ್ದರೂ ಚರದ ಪ್ರತಿಯೊಂದು ಬೆಲೆಗೆ ಒಂದು ನಿಶ್ಚಿತ ಬೆಲೆಯಿದ್ದರೆ ಸಾಕೆಂದು ಜರ್ಮನಿಯ ಡಿರಿಕ್ಲೇ ಸ್ಪಷ್ಟವಾಗಿ ಹೇಳಿದುದು 1837ರಲ್ಲಿ.

1766ರಲ್ಲಿ ಆಯ್ಲರನು ಪೀಟರ್ಸ್‌ಬರ್ಗಿಗೆ ಮರಳಿದನು. ಅಷ್ಟರಲ್ಲಿ ಎಡಗಣ್ಣಿಗೂ ಪೊರೆ ಕವಿಯಿತು. 1771ರಲ್ಲಿ ಮನೆಗೆ ಬೆಂಕಿ ಬಿದ್ದಿತು. ಬಾಸೆಲ್ಲಿನವನೇ ಆದ ಒಬ್ಬ ಕುಶಲಕರ್ಮಿ ಆತನನ್ನು ಹೊರಗೆ ತಂದು ಉಳಿಸಿದನು. ಅದೇ ವರ್ಷ ನಡೆದ ಶಸ್ತ್ರಚಿಕಿತ್ಸೆಯಿಂದ ಮರಳಿದ ದೃಷ್ಟಿ ಕೆಲವೇ ದಿನಗಳಲ್ಲಿ ಮತ್ತೆ ಮಾಯವಾಯಿತು. 1773ರಲ್ಲಿ ಪತ್ನಿ ಕ್ಯಾಥರಿನಾ ತೀರಿಕೊಂಡಳು. ಆಕೆ ಹಡೆದ ಹದಿಮೂರು ಮಕ್ಕಳಲ್ಲಿ ಎಂಟು ಮಂದಿ ಎಳೆವೆಯಲ್ಲೇ ಅಳಿದಿದ್ದರು.

ಆದರೆ ಆತನ ಬರಹಗಳಲ್ಲಿ ಸುಮಾರು ಅರ್ಧಭಾಗ ಹೊರಬಂದುದು ಈ ಕತ್ತಲೆಯ ವರ್ಷಗಳಲ್ಲಿಯೇ. ಬೀಜಗಣಿತದ ಪುಸ್ತಕವನ್ನು ಆತನು ದರ್ಜಿ ಕೆಲಸ ಕಲಿತಿದ್ದ ಒಬ್ಬ ತರುಣನಿಗೆ ಹೇಳಿ ಬರೆಯಿಸಿದನು. ಬರೆಯುತ್ತ ಬರೆಯುತ್ತ ಆ ತರುಣನೇ ಬೀಜಗಣಿತವನ್ನು ಕಲಿತನು. ದೊಡ್ಡದೊಂದು ಕಲ್ಲುಹಲಗೆಯ ಮೇಲೆ ಆಯ್ಲರನು ದಪ್ಪ ಅಕ್ಷರಗಳಲ್ಲಿ ಗೀಚುತ್ತಿದ್ದನು. ಸಹಾಯಕರು ಅದನ್ನು ಕಾಗದಕ್ಕೆ ಇಳಿಸುತ್ತಿದ್ದರು.

1783ರ ಸೆಪ್ಟೆಂಬರ್ 18ರಂದು ಆತನು ಎರಡು ವರ್ಷ ಹಿಂದೆ ಗೋಚರಿಸಿದ್ದ ಯುರೇನಸ್ ಗ್ರಹದ ಕಕ್ಷೆಯನ್ನು ಕುರಿತು ಚರ್ಚಿಸಿದನು. ಅಂದೇ ಹಠಾತ್ತನೆ ಪ್ರಜ್ಞೆ ತಪ್ಪಿ ಕೊನೆಯುಸಿರೆಳೆದನು. ಆಗತಾನೆ ಯೂರೋಪಿನ ಜನರನ್ನು ಬೆರಗುಗೊಳಿಸಿದ್ದ ಬಲೂನು ಆಕಾಶಕ್ಕೇರುವ ಬಗೆಯನ್ನು ಕುರಿತ ಲೆಕ್ಕ ಆತನ ಕಲ್ಲುಹಲಗೆಯ ಮೇಲೆ ಹಾಗೆಯೇ ಉಳಿದಿತ್ತು.